ಪ್ಯಾರಿಸ್‌ನ ಸಂಗೀತ ನಾಟಕಗಳಲ್ಲಿ ಹಾಡಲು ಹೊರಟವರಿಗೆ

ಹಾಡಿ, ನಟಿಸಿ ಪ್ಯಾರಿಸ್‌ನಲ್ಲಿ ಬದುಕು ಕಟ್ಟಿಕೊಂಡವಳು ನಾನು. ಆಡಿಷನ್‌ಗೆ ಹೊರಟವರಿಗೆ ಮೊದಲು ಹೇಳುವುದು ರಾಗದ ವಿಷಯವಲ್ಲ, ಮಾತಿನದು. ಹಾಡಿನ ಸಾಹಿತ್ಯವನ್ನು ಒಂದು ವಾರ ಬರೀ ಗಟ್ಟಿಯಾಗಿ ಓದಿ. ಚಂದ್ರನಿಗೆ ಫ್ರೆಂಚ್‌ನಲ್ಲಿ ‘ಲ್ಯೂನ್’ (lune) ಎನ್ನುತ್ತಾರೆ. ಹಾಡಿನಲ್ಲಿ ಅದಕ್ಕೆ ಎರಡು ಸ್ವರ ಕೊಟ್ಟಿದ್ದರೆ ಕೊನೆಯ ಮೂಕ ಅಕ್ಷರ ‘e’ಗೂ ಜೀವ ಬಂದು ‘ಲ್ಯೂ–ನ’ ಆಗುತ್ತದೆ. ಆ ‘ನ’ವನ್ನು ಒತ್ತಬೇಡಿ, ಬಾಯಿ ಸಡಿಲಬಿಟ್ಟು ಮೆಲ್ಲನೆ ಇಳಿಸಿ. ಇದು ನನಗೆ ಒಲಿಯಲು ಎರಡು ಚಳಿಗಾಲ ಹಿಡಿಯಿತು.

ಯಾವ ಬಗೆಯ ಪ್ರದರ್ಶನವೆಂದು ತಿಳಿದೇ ಹೋಗಿ. 1998ರಲ್ಲಿ ಪಾಲೇ ದೆ ಕಾಂಗ್ರೆ ಸಭಾಂಗಣದಲ್ಲಿ ಆರಂಭವಾದ ‘ನೋತ್ರ್ ದಾಮ್ ದ ಪಾರಿ’ ಸಂಗೀತ ನಾಟಕದಲ್ಲಿ ಹಾಡುವವರೇ ಬೇರೆ, ಕುಣಿಯುವವರೇ ಬೇರೆ. ಮೊಗಾದೋರ್ ರಂಗಮಂದಿರದ, ನ್ಯೂಯಾರ್ಕ್‌ನ ಬ್ರಾಡ್‌ವೇ ಮಾದರಿಯ ನಾಟಕಗಳಿಗಾದರೆ ನೃತ್ಯವೂ ಬರಬೇಕು.

ಇನ್ನು ಲೆಕ್ಕ. 12 ತಿಂಗಳಲ್ಲಿ 507 ಗಂಟೆ ಕೆಲಸ ತುಂಬಿದರೆ ಮಾತ್ರ ರಂಗಕಲಾವಿದರ ನಿರುದ್ಯೋಗ ಭತ್ಯೆ ಸಿಗುತ್ತದೆ. ಪ್ರತಿ ಒಪ್ಪಂದದ ಗಂಟೆಗಳನ್ನು ಅಂದಂದೇ ಬರೆದಿಡಿ. ಒಮ್ಮೆ ನಿರ್ಮಾಪಕರೊಬ್ಬರು ತಾಲೀಮಿನ ದಿನಗಳನ್ನು ನಮೂದಿಸಿರಲೇ ಇಲ್ಲ. ನನ್ನ ನೋಟುಪುಸ್ತಕ ತೋರಿಸಿದ ಮೇಲೆ 24 ಗಂಟೆ ಸೇರಿಸಿಕೊಟ್ಟರು.