ಮಗುವಿನ ಜೀವನಾಂಶ: ಡಿಎನ್‌ಎಗಿಂತ ಮೊದಲು ಪಹಣಿ, ಪಾಸ್‌ಬುಕ್ಕು

ತಂದೆ ಯಾರೆಂಬ ಡಿಎನ್‌ಎ ವರದಿ ಬರಲಿ, ಆಮೇಲೆ ಕೇಸು ಹಾಕೋಣ ಎಂದು ಕಾಯಬೇಡಿ. ಮಗುವಿನ ಜೀವನಾಂಶ ಕೇಳಲು ಆ ಪರೀಕ್ಷೆ ಕಡ್ಡಾಯ ಎನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಕಾದಷ್ಟೂ ನಷ್ಟ ಮಗುವಿಗೇ. ಸುಪ್ರೀಂ ಕೋರ್ಟಿನ 2020ರ ರಜನೇಶ್–ನೇಹಾ ತೀರ್ಪಿನ ಪ್ರಕಾರ ಜೀವನಾಂಶದ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ, ಮಗು ಹುಟ್ಟಿದ ದಿನದಿಂದಲ್ಲ.

ಅರ್ಜಿ ಎಲ್ಲಿ, ಹೇಗೆ

ಜೀವನಾಂಶ ಕೇಳುವ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಬಂದಿದೆ. ಅಪ್ಪ ಅಮ್ಮನಿಗೆ ಮದುವೆ ಆಗಿರಲಿ, ಇಲ್ಲದಿರಲಿ, ಮಗುವಿನ ಹಕ್ಕು ಒಂದೇ. ಕುಟುಂಬ ನ್ಯಾಯಾಲಯ ಇದ್ದ ಕಡೆ ಅಲ್ಲಿ, ಇಲ್ಲದ ಕಡೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ, ಕೊಡಗಿನವರು ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಸಮಿತಿಗೋ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ.

ಮಗುವಿನ ತಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆಂದು ಅಲ್ಲಿಗೆ ಅಲೆಯಬೇಕಿಲ್ಲ. ಹೆಂಡತಿಯಾದರೆ ತಾನಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಮದುವೆಯಾಗದ ತಾಯಿಗೆ ಇಬ್ಬರೂ ಕೊನೆಗೆ ಜೊತೆಗಿದ್ದ ಊರಿನ ಕೋರ್ಟು ಉಂಟು. ಹೊಸ ಕಾನೂನು ಆತನ ತಂದೆ ಅಥವಾ ತಾಯಿ ಇರುವ ಜಾಗವನ್ನೂ ಸೇರಿಸಿದೆ. ಅವರು ಗೋಣಿಕೊಪ್ಪದಲ್ಲಿದ್ದರೆ ಕೇಸು ಕೊಡಗಿನಲ್ಲೇ ನಡೆಯುತ್ತದೆ.

ಮಧ್ಯಂತರ ಜೀವನಾಂಶವನ್ನೂ ಜೊತೆಯಲ್ಲೇ ಕೇಳಿ. ನೋಟಿಸು ಜಾರಿಯಾದ 60 ದಿನದೊಳಗೆ ಅದು ಸಾಧ್ಯವಾದಷ್ಟು ಇತ್ಯರ್ಥವಾಗಬೇಕು. ಗಮನಿಸಿ, ಎಣಿಕೆ ನೋಟಿಸು ಮುಟ್ಟಿದ ಮೇಲೆ. ಹಾಗಾಗಿ ಅರ್ಜಿಯಲ್ಲಿ ಆತನ ಹೆಸರು, ಊರು ಮಾತ್ರ ಬರೆದರೆ ಸಾಲದು. ಒಂದೇ ಹೆಸರಿನವರು ಊರಿಗೆ ನಾಲ್ವರು ಇರುತ್ತಾರೆ. ಒಕ್ಕದ (ಕೊಡವ ಮನೆತನದ) ಹೆಸರು, ತೋಟದ ಹೆಸರು, ಅಂಚೆ ಕಚೇರಿ, ಫೋನ್ ನಂಬರು ಇಲ್ಲದಿದ್ದರೆ ನೋಟಿಸು ‘ವಿಳಾಸದಾರರಿಲ್ಲ’ ಎಂದು ವಾಪಸು ಬಂದು ಎರಡು ಮೂರು ವಾಯಿದೆ ಹಾಗೇ ಹೋಗುತ್ತವೆ.

‘ನನ್ನ ಹೆಸರಲ್ಲಿ ಒಂದು ಸೆಂಟೂ ಇಲ್ಲ’

ಅಪ್ಪ ಹೀಗೆನ್ನುತ್ತಾನೆ, ಕೇಸು ಸೊರಗುವುದು ಹೆಚ್ಚಾಗಿ ಇಲ್ಲಿ. ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು. ಕೃಷಿಕರಿಗೆ ಬೇರೆಯೇ ನಮೂನೆ ಇದೆ. ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಾಗದ ಪಹಣಿ ಪಟ್ಟೇದಾರರ (ಒಕ್ಕದ ಹಿರಿಯರ) ಹೆಸರಿನಲ್ಲೋ ಒಕ್ಕದ ಹೆಸರಿನಲ್ಲೋ ಇರುವುದು ಸಾಮಾನ್ಯ. ಕ್ಯೂರಿಂಗ್ (ಸಿಪ್ಪೆ ಸುಲಿದು ಹದ ಮಾಡುವುದು) ಮಾಡದೆ ಕಾಫಿ ಮಾರುವ ಬೆಳೆಗಾರನಿಗೆ ಆದಾಯ ತೆರಿಗೆಯೂ ಇಲ್ಲ. ಹಾಗಾಗಿ ಪಹಣಿ, ರಿಟರ್ನ್ ಎರಡೂ ಅವನನ್ನು ಬಡವನಂತೆ ತೋರಿಸುತ್ತವೆ. ಬೇರೆ ಕಡೆ ಹುಡುಕಬೇಕು: ಸಹಕಾರ ಸಂಘದ ಬೆಳೆಸಾಲದ ಕಾಗದದಲ್ಲಿ ಯಾವ ಬೆಳೆ, ಎಷ್ಟು ಎಕರೆ ಎಂದು ಅವನೇ ಬರೆದುಕೊಟ್ಟಿರುತ್ತಾನೆ. ಕಾಫಿ ವ್ಯಾಪಾರಿಯ ಬಿಲ್ಲಿನಲ್ಲಿ 50 ಕೆ.ಜಿ. ಚೀಲ ಎಷ್ಟೆಂದು ಇರುತ್ತದೆ. ಪಾಸ್‌ಬುಕ್ಕಿನಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ಪುಟ ನೋಡಿ. ಕರಿಮೆಣಸು, ಹೋಂಸ್ಟೇ ಬಾಡಿಗೆ ಮರೆಯಬೇಡಿ. ಈ ದಾಖಲೆಗಳನ್ನು ಹಾಜರುಪಡಿಸುವಂತೆ ಕೋರ್ಟಿನಿಂದಲೇ ಆದೇಶ ಕೇಳಬಹುದು. ಮೂರು ವರ್ಷದ ಸರಾಸರಿ ತೆಗೆಯಿರಿ. ಮಳೆಗೆ ಕಾಯಿ ಉದುರಿದ ಒಂದೇ ವರ್ಷದ ಲೆಕ್ಕ ತೋರಿಸುವುದು ಹಳೆಯ ಚಾಳಿ.

ಡಿಎನ್‌ಎ ಯಾವಾಗ

ಮದುವೆ ಊರ್ಜಿತದಲ್ಲಿರುವಾಗ, ಅಥವಾ ಅದು ಮುಗಿದು 280 ದಿನದೊಳಗೆ, ತಾಯಿ ಮರುಮದುವೆಯಾಗದಿದ್ದಾಗ ಹುಟ್ಟಿದ ಮಗು ಗಂಡನದೇ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ ಊಹಿಸಿಕೊಳ್ಳುತ್ತದೆ. ಅಲ್ಲಗಳೆಯಬೇಕಾದರೆ ಆ ಅವಧಿಯಲ್ಲಿ ಒಟ್ಟಿಗೆ ಸೇರುವ ಅವಕಾಶವೇ ಇರಲಿಲ್ಲ ಎಂದು ಗಂಡನೇ ತೋರಿಸಬೇಕು. ಸೈನಿಕನಾದರೆ ರಜೆಯ ದಾಖಲೆ ಮಾತಾಡುತ್ತದೆ: ಸೆಪ್ಟೆಂಬರ್ ಮೊದಲ ವಾರ ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಬಂದು ಹೋಗಿದ್ದರೆ ಮೇ ಕೊನೆ, ಜೂನ್ ಆರಂಭದಲ್ಲಿ ಹುಟ್ಟಿದ ಮಗುವಿನ ಬಗ್ಗೆ ತಕರಾರು ನಿಲ್ಲುವುದು ಕಷ್ಟ. ಬರೀ ಅನುಮಾನಕ್ಕೆ ಪರೀಕ್ಷೆ ಕೊಡಬಾರದೆಂದು ಸುಪ್ರೀಂ ಕೋರ್ಟ್ 1993ರಿಂದಲೂ ಹೇಳುತ್ತಿದೆ. ಮದುವೆಯ ಹೊರಗಿನವನೇ ತಂದೆ ಎಂದು ಅವನಿಂದ ಜೀವನಾಂಶ ಕೇಳಿದ ಕೇರಳದ ಪ್ರಕರಣದಲ್ಲೂ 2025ರ ಜನವರಿಯಲ್ಲಿ ಇದೇ ಊಹೆಯನ್ನು ಎತ್ತಿಹಿಡಿಯಿತು.

ಮದುವೆಯಾಗದಿದ್ದಲ್ಲಿ ಇಂಥ ಊಹೆಯ ಬೆಂಬಲವಿಲ್ಲ. ತಾಯಿ ಕಾರ್ಡಿನಲ್ಲಿ ಬರೆಸಿದ ಹೆಸರು, ಹಣ ಕಳಿಸಿದ ದಾಖಲೆ, ವಾಟ್ಸ್‌ಆ್ಯಪ್ ಸಂದೇಶ ಇವನ್ನು ಮೊದಲು ಮುಂದಿಡಿ. ಸ್ಕ್ರೀನ್‌ಶಾಟಿಗೆ ಅದೇ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕು, ಫೋನನ್ನೂ ಜೋಪಾನ ಮಾಡಿ. ಆಮೇಲೆ ಡಿಎನ್‌ಎಗೆ ಅರ್ಜಿ. ಕೋರ್ಟು ಆದೇಶಿಸಿದರೂ ಆತ ಬಾರದಿದ್ದರೆ ಅವನ ವಿರುದ್ಧವೇ ನಿರ್ಣಯಕ್ಕೆ ಬರಬಹುದು.

ಮಾದರಿಯನ್ನು ತಾಯಿ, ಮಗು, ಆತ ಮೂವರಿಂದಲೂ ತೆಗೆದರೆ ಒಳ್ಳೆಯದು. ಡಿಎನ್‌ಎಯ ಒಂದೊಂದು ಜಾಗಕ್ಕೂ ಎರಡು ಸಂಖ್ಯೆ, ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಜಾಗದಲ್ಲಿ ತಾಯಿಗೆ 12, 14, ಮಗುವಿಗೆ 14, 17 ಬಂತೆನ್ನಿ. ಹದಿನಾಲ್ಕು ತಾಯಿಯದು, ಹದಿನೇಳು ಅಪ್ಪನಲ್ಲಿ ಇರಲೇಬೇಕು. ಇಂಥ ಹದಿನೈದಿಪ್ಪತ್ತು ಜಾಗ ಹೋಲಿಸುತ್ತಾರೆ. ಒಂದರಲ್ಲಿ ತಪ್ಪಿದರೆ ಅದು ರೂಪಾಂತರ (ಡಿಎನ್‌ಎಯಲ್ಲಿ ತಾನಾಗಿ ಆದ ಬದಲಾವಣೆ) ಇರಬಹುದು, ಹಲವು ತಪ್ಪಿದರೆ ಆತ ತಂದೆಯಲ್ಲ. ಆತನ ಅಣ್ಣತಮ್ಮನ ಮೇಲೂ ಅನುಮಾನವಿದ್ದರೆ ಪ್ರಯೋಗಾಲಯಕ್ಕೆ ಮೊದಲೇ ತಿಳಿಸಬೇಕು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಹೇಳಬೇಕು.

ಕೆನ್ನೆಯ ಒಳಗಿನ ಸ್ವ್ಯಾಬ್ ಆದರೆ ಎಲೆಅಡಿಕೆ ಉಗಿದು, ಬಾಯಿ ತೊಳೆದು, ಅರ್ಧ ಗಂಟೆ ಬಿಟ್ಟು ತೆಗೆಸಿ. ಹಾಲು ಕುಡಿದ ಕೂಡಲೇ ಮಗುವಿನ ಬಾಯಿಂದ ತೆಗೆದರೆ ತಾಯಿಯ ಕೋಶವೂ ಬರುತ್ತದೆ. ಒದ್ದೆ ಸ್ವ್ಯಾಬನ್ನು ಪ್ಲಾಸ್ಟಿಕ್ಕಿಗೆ ತುರುಕಿದರೆ ನಮ್ಮ ಜುಲೈ ಮಳೆಯಲ್ಲಿ ಬೂಷ್ಟು ಗ್ಯಾರಂಟಿ. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಗುರುತಿನ ನಮೂನೆಯಲ್ಲಿ ಫೋಟೊ, ಹೆಬ್ಬೆಟ್ಟು, ಸಾಕ್ಷಿಯ ಸಹಿ, ಲಕೋಟೆಯ ಸೀಲು ನೀವೇ ನೋಡಿಕೊಳ್ಳಿ. ಆನ್‌ಲೈನ್ ಕಿಟ್ ತರಿಸಿ ಗುಟ್ಟಾಗಿ ಮಾಡಿಸಿದ ವರದಿಗೆ, ಮಾದರಿ ಯಾರದು ಎಂದು ತೋರಿಸುವ ಈ ದಾಖಲೆಗಳ ಸರಪಳಿ ಇರದ ಕಾರಣ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಆದೇಶ ಬಂತು, ಹಣ ಬರಲಿಲ್ಲ

ಬಾಕಿಗೆ ನಾಗರಿಕ ಸುರಕ್ಷಾ ಸಂಹಿತೆಯ 144(3)ರಡಿ ಜಾರಿ ಅರ್ಜಿ ಹಾಕಿ. ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಹಾಕಬೇಕು. ತಿಂಗಳಿಗೆ 6,000ದಂತೆ 14 ತಿಂಗಳ ಬಾಕಿ ಬೆಳೆಯಲು ಬಿಟ್ಟು ಈಗ ಅರ್ಜಿ ಹಾಕಿದರೆ ಮೊದಲ ಎರಡು ತಿಂಗಳ 12,000 ಈ ದಾರಿಯಲ್ಲಿ ಸಿಗದು. ಆರು ತಿಂಗಳಿಗೊಮ್ಮೆ ಹಾಕುತ್ತಾ ಹೋಗುವುದೇ ಕ್ಷೇಮ. ವಾರಂಟಿನ ಮೇಲೆ ಚರಾಸ್ತಿ ಜಪ್ತಿ ಮಾಡಬಹುದು, ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯದ ಬಾಕಿಯಂತೆ ವಸೂಲಿಯೂ ಆಗಬಹುದು. ಜಪ್ತಿಗೆ ಕೊಯ್ಲಿನ ತಿಂಗಳು ನೋಡಿ: ಕಣದಲ್ಲಿ ಕಾಫಿ ಇರುವಾಗ ಸಿಗುವುದು ಆಗಸ್ಟಿನಲ್ಲಿ ಸಿಗುವುದಿಲ್ಲ. ಆಮೇಲೂ ಕೊಡದಿದ್ದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋದರೆ ಸಾಲ ತೀರಿತು ಎನ್ನುವುದು ತಪ್ಪು ತಿಳಿವಳಿಕೆ. ಬಾಕಿ ಹಾಗೇ ಉಳಿಯುತ್ತದೆಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ.

ಆತ ಸೇನೆಯಲ್ಲಿದ್ದರೆ ವಾರಂಟು ಹಿಡಿದು ಓಡಾಡುವ ಬದಲು ಆದೇಶದ ದೃಢೀಕೃತ ಪ್ರತಿಯೊಂದಿಗೆ ಅವನ ಯೂನಿಟ್ಟಿಗೆ ಬರೆಯಿರಿ. 1950ರ ಸೇನಾ ಕಾಯ್ದೆಯ 90, 91ನೇ ಸೆಕ್ಷನ್‌ಗಳಲ್ಲಿ ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸಂಬಳದಿಂದಲೇ ಕಡಿತಕ್ಕೆ ಅವಕಾಶವಿದೆ. ಮದುವೆಯ ಹೊರಗಿನ ಮಗುವಿಗೂ ಅದು ಅನ್ವಯ. ಪತ್ರದಲ್ಲಿ ಅವನ ಸೈನಿಕ ಸಂಖ್ಯೆ, ರ‍್ಯಾಂಕು, ನಿಮ್ಮ ಬ್ಯಾಂಕ್ ಖಾತೆಯ ವಿವರ ಇರಲಿ.