ಮಂಗ ತಾನಾಗಿಯೇ ಬಂದು ಟೆಸ್ಟ್ ಕೊಡುವ ಹಾಗೆ ಮಾಡಿದ್ದು: ನನ್ನ ಅನುಭವ

ಗುಂಪಿನಿಂದ ಬೇರೆ ಮಾಡದೆ, ಹಸಿವಿನಲ್ಲಿಡದೆ ರೀಸಸ್ ಮಂಗಗಳ ನೆನಪು, ಬುದ್ಧಿಶಕ್ತಿಯ ಬಗ್ಗೆ ನೆಟ್ಟಗಿನ ಡೇಟಾ ಸಿಗುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಆರೇಳು ವರ್ಷ ಅದನ್ನೇ ಕೇಳಿಸಿಕೊಂಡೆ. ಈಗ ನಮ್ಮ ಇಪ್ಪತ್ತು ಚಿಲ್ಲರೆ ಮಂಗಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಬಂದು ಟಚ್‌ಸ್ಕ್ರೀನ್ ಮುಂದೆ ಕೂರುತ್ತವೆ. ಮನಸ್ಸಿದ್ದ ದಿನ ಒಂದೊಂದೂ ನೂರೈವತ್ತು, ಇನ್ನೂರು ಟ್ರಯಲ್ (ಸ್ಕ್ರೀನ್ ಮೇಲಿನ ಒಂದೊಂದು ಪ್ರಶ್ನೆ) ಮುಗಿಸಿ ಹೋಗುತ್ತದೆ. ಬೇಡ ಅನ್ನಿಸಿದರೆ ಬರುವುದಿಲ್ಲ. ಬರದಿದ್ದರೂ ಅದರ ಊಟಕ್ಕೆ ಕತ್ತರಿ ಬೀಳುವುದಿಲ್ಲ.

ದಾರಿ ಹೊಸದೇನಲ್ಲ. ಫ್ರಾನ್ಸ್‌ನಲ್ಲಿ ಜೋಯೆಲ್ ಫಾಗೋ ಎಂಬ ವಿಜ್ಞಾನಿಯ ತಂಡ ಯಾವುದು ಬಂತು ಎಂದು ಗುರುತಿಸಲು ಬಬೂನ್‌ಗಳ ತೋಳಿನಲ್ಲಿ ಮೈಕ್ರೋಚಿಪ್ ಇಟ್ಟು, ಬೇಕೆಂದಾಗ ಹೊಕ್ಕು ಬರುವ ಬೂತ್‌ಗಳನ್ನು ಮಾಡಿದ್ದು 2009ರಿಂದಲೇ ಗೊತ್ತು. ಆದರೆ ಅಂಥ ಸಾಲು ಸಾಲು ಬೂತ್ ಕಟ್ಟಲು ನನ್ನ ಹತ್ತಿರ ದುಡ್ಡೆಲ್ಲಿತ್ತು? ಗ್ರ್ಯಾಂಟ್ ಅರ್ಜಿ ಮತ್ತೆ ಮತ್ತೆ ವಾಪಸ್ ಬಂತು. ಒಬ್ಬ ರಿವ್ಯೂವರ್ ಇದು ಪ್ರಾಣಿಗಳ ಯೋಗಕ್ಷೇಮದ ಕೆಲಸ, ಕಾಗ್ನಿಶನ್ (ಬುದ್ಧಿಶಕ್ತಿಯ ಅಧ್ಯಯನ) ಅಲ್ಲ ಎಂದರು. ಇನ್ನೊಬ್ಬರು ಅದನ್ನೇ ತಿರುಗಿಸಿ ಹೇಳಿದರು. ಈ ಎರಡರ ಮಧ್ಯೆ ಕೆಲಸ ಮಾಡುವವರಿಗೆಲ್ಲ ಇದು ಗೊತ್ತಿರುವ ಕಥೆಯೇ, ಅಲ್ವಾ? ಪೇಪರ್ ಇಲ್ಲದ ಎರಡು ಮೂರು ವರ್ಷ ಕಳೆದೆ. ಒಬ್ಬ ಒಳ್ಳೆಯ ವಿದ್ಯಾರ್ಥಿ ಬೇಸತ್ತು ಬೇರೆ ಲ್ಯಾಬ್‌ಗೆ ಹೋದ.

ಕೊನೆಗೆ ಸಣ್ಣದೊಂದು ಗ್ರ್ಯಾಂಟ್ ಸಿಕ್ಕಿತು. ಹೊಸಬರು ಸ್ಕ್ರೀನ್ ಬೆಲೆ ನೋಡಿ ಬಜೆಟ್ ಹಾಕುತ್ತಾರೆ. ಹಾಗೆ ಹಾಕಬೇಡಿ. ಸ್ಕ್ರೀನ್‌ಗೆ ಹೋಗಿದ್ದು ಹತ್ತರಲ್ಲಿ ಒಂದು ಪಾಲೂ ಇರಲಿಕ್ಕಿಲ್ಲ. ಅರ್ಧಕ್ಕಿಂತ ಜಾಸ್ತಿ ನುಂಗಿದ್ದು ಸ್ಟೀಲ್ ಪೆಟ್ಟಿಗೆ ಮತ್ತು ಫೀಡರ್. ಅದರಲ್ಲೂ ಬಹುಮಾನವಾಗಿ ತಿಂಡಿಯ ಗುಳಿಗೆ ಬೀಳಿಸುವ ಪೆಲೆಟ್ ಫೀಡರ್ ಸುಮ್ನೆ ದಂಡ. ತೇವಕ್ಕೆ ಪೆಲೆಟ್ ಉಬ್ಬಿ ಕೊಳವೆಯಲ್ಲೇ ಕಚ್ಚಿಕೊಳ್ಳುತ್ತಿತ್ತು. ಸರಿ ಉತ್ತರ ಮುಟ್ಟಿದ ಮಂಗಕ್ಕೆ ಏನೂ ಸಿಗದಿದ್ದರೆ ಅದು ಪೆಟ್ಟಿಗೆಯನ್ನೇ ಹಿಡಿದು ಅಲ್ಲಾಡಿಸುತ್ತದೆ. ಪಂಪ್ ಹಾಕಿ ತೆಳು ಸಕ್ಕರೆ ನೀರಿಗೆ ಬದಲಾಯಿಸಿದೆವು. ಇರುವೆ ಬಂತು. ಕೊಳವೆಯನ್ನು ದಿನಾ ಸಂಜೆ ಬಿಸಿನೀರಲ್ಲಿ ತೊಳೆಯುವ ಕೆಲಸ ಕೀಪರ್‌ಗಳ ತಲೆಗೆ ಬಿತ್ತು. ಆ ಗಂಟೆಗಳನ್ನೂ ಬಜೆಟ್‌ನಲ್ಲಿ ಬರೆಯಿರಿ.

ಇದೆಲ್ಲ ದುಡ್ಡಿನಿಂದ ಸರಿಹೋಗುವ ತೊಂದರೆ. ನಿಜವಾಗಿ ಕಾಡಿದ್ದು ಗುಂಪಿನಲ್ಲಿ ಮೇಲಿನ ದರ್ಜೆಯ ಹೆಣ್ಣು ಮಂಗ. ರೀಸಸ್‌ಗಳಲ್ಲಿ ತಾಯಿಯ ದರ್ಜೆ ಮಕ್ಕಳಿಗೂ ಬರುತ್ತದೆ. ಹಾಗಾಗಿ ಅವಳಷ್ಟೇ ಅಲ್ಲ, ಅವಳ ಇಡೀ ಕುಟುಂಬ ಸ್ಕ್ರೀನ್ ಮುಂದೆ ಠಿಕಾಣಿ ಹೂಡಿತು. ಕೆಳದರ್ಜೆಯವು ದೂರದಲ್ಲೇ ಉಳಿದವು. ಪಕ್ಕದಲ್ಲೇ ಎರಡನೇ ಸ್ಕ್ರೀನ್ ಇಟ್ಟೆವು. ಎರಡರ ಮಧ್ಯೆ ಕೂತು ಅವಳು ಎರಡನ್ನೂ ಕಾದಳು! ಒಂದರಿಂದ ಇನ್ನೊಂದು ಕಾಣದ ಹಾಗೆ ಮೂರು ಕಡೆ ಇಟ್ಟ ಮೇಲೆ ಉಳಿದವಕ್ಕೆ ದಾರಿ ಸಿಕ್ಕಿತು. ಸ್ಕ್ರೀನ್ ಇರುವ ಬೂತ್‌ಗೆ ಎರಡು ಬಾಗಿಲು ಇರಲೇಬೇಕು. ಒಂದೇ ಬಾಗಿಲಿದ್ದರೆ ಕೆಳದರ್ಜೆಯ ಮಂಗ ತಲೆಯನ್ನೂ ಹಾಕುವುದಿಲ್ಲ.

ಬೂತ್‌ನ ಬದಿಯ ಗೋಡೆಯ ವಿಷಯ ಯಾರೂ ಬರೆಯುವುದಿಲ್ಲ. ಗಮನ ಚೆದುರದಿರಲಿ ಎಂದು ಮೊದಲು ಹೊರಗೆ ಏನೂ ಕಾಣದಂಥ ಗೋಡೆ ಹಾಕಿದ್ದೆವು. ಒಳಗೆ ಹೋದ ಮಂಗ ಎರಡು ಟ್ರಯಲ್ ಮಾಡುವುದು, ಹಿಂದೆ ತಿರುಗುವುದು, ತೊಡೆ ಪರಪರ ಕೆರೆದುಕೊಳ್ಳುವುದು. ಮೈ ಕೆರೆತ ಆತಂಕದ ಗುರುತು ಎಂದು 1992ರಲ್ಲೇ ಮಾಯೆಸ್ಟ್ರಿಪಿಯೆರಿ ಮತ್ತು ಸಂಗಡಿಗರು ಬರೆದಿದ್ದಾರೆ. ಫೋಕಲ್ ಸ್ಯಾಂಪ್ಲಿಂಗ್ ಮಾಡಿ, ಅಂದರೆ ಒಂದು ಸಲಕ್ಕೆ ಒಂದೇ ಮಂಗವನ್ನು ಗಮನಿಸಿ, ಎಣಿಸಿದೆವು. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಕಿದ ಮೇಲೆ ಕೆರೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು, ಸರಿ ಉತ್ತರವೂ ಏರಿತು. ಯಾರು ಬರುತ್ತಿದ್ದಾರೆ ಎಂದು ಕಂಡರೆ ಮಂಗಕ್ಕೆ ನೆಮ್ಮದಿ.

ಇನ್ನೊಂದು ವಿಷಯ, ಟ್ರಯಲ್‌ಗಳ ಮಧ್ಯೆ ಸ್ಕ್ರೀನ್ ಕಪ್ಪಾಗಬಾರದು. ಕಪ್ಪು ಗಾಜಿನಲ್ಲಿ ಮಂಗದ ಮುಖವೇ ಅದನ್ನು ದಿಟ್ಟಿಸಿ ನೋಡಿದಂತೆ ಕಾಣುತ್ತದೆ. ರೀಸಸ್‌ಗೆ ದಿಟ್ಟಿಸುವುದೆಂದರೆ ಬೆದರಿಕೆ. ಒಂದು ಗಂಡು ಬಾಯಿ ಅಗಲಿಸಿ ಸ್ಕ್ರೀನ್‌ಗೇ ಎಗರುತ್ತಿತ್ತು. ಬೂದು ಬಣ್ಣ ಹಾಕಿದೆವು, ಅಲ್ಲಿಗೆ ಮುಗಿಯಿತು.

ಮಧ್ಯೆ ಒಂದು ಅಡ್ಡ ಪ್ರಯೋಗವನ್ನೂ ಮಾಡಿದೆ. ತಿನ್ನಲು ಏನೂ ಕೊಡದಿದ್ದರೂ ರೀಸಸ್‌ಗಳು ಚಿಲಕದ ಒಗಟು ಬಿಡಿಸುತ್ತವೆ ಎಂದು ಮನಶ್ಶಾಸ್ತ್ರಜ್ಞ ಹಾರ್ಲೋ 1950ರಲ್ಲಿ ತೋರಿಸಿದ್ದರಲ್ಲ, ನಾನೂ ಪಂಪ್ ಆಫ್ ಮಾಡಿ ನೋಡಿದೆ. ದೊಡ್ಡವು ಎರಡು ದಿನದಲ್ಲಿ ಕೈಬಿಟ್ಟವು. ಎರಡು ಮೂರು ವರ್ಷದ ಮರಿಗಳು ಸುಮಾರು ಒಂದು ವಾರ ಬಂದು ಮುಟ್ಟುತ್ತಲೇ ಇದ್ದವು. ಸ್ಕ್ರೀನನ್ನು ಬರೀ ಎನ್ರಿಚ್‌ಮೆಂಟ್ (ಬೇಸರ ಕಳೆಯುವ ಚಟುವಟಿಕೆ) ಎಂದು ಇಡುವವರು ಈ ವಯಸ್ಸಿನ ವ್ಯತ್ಯಾಸ ನೋಡಿಕೊಳ್ಳಬೇಕು.

ಫಲಿತಾಂಶ ಹೇಳುತ್ತೇನೆ. ಚಿತ್ರ ನೆನಪಿಟ್ಟು ಹೊಂದಿಸುವ ಟೆಸ್ಟ್‌ನಲ್ಲಿ, ಚಿತ್ರ ತೋರಿಸುವುದಕ್ಕೂ ಉತ್ತರ ಕೇಳುವುದಕ್ಕೂ ಮಧ್ಯೆ ಕಡಿಮೆ ವಿರಾಮವಿರುವ ಟ್ರಯಲ್‌ಗಳಿಗೆ ಎಂಬತ್ತೈದರ ಆಸುಪಾಸು ಶೇಕಡಾ ಸರಿ ಉತ್ತರ ಬರುತ್ತಿದೆ. ಒಂಟಿಯಾಗಿ ಕೂರಿಸಿ ತೆಗೆದ ನಮ್ಮದೇ ಹಳೆಯ ಡೇಟಾಕ್ಕಿಂತ ಇದು ಕೆಳಗಿಲ್ಲ. ಅತ್ತಿಂದಿತ್ತ ಸುಮ್ಮನೆ ತಿರುಗುತ್ತಿದ್ದ ಎರಡು ಮಂಗಗಳ ತಿರುಗಾಟ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಆಗುವುದಿಲ್ಲ ಎಂದವರೇ ಈಗ ಬೂತ್‌ನ ಅಳತೆ ಕೇಳುತ್ತಾರೆ, ಕೊಡುತ್ತೇನೆ. ಆದರೆ ತೀರಾ ಕೆಳದರ್ಜೆಯ ಮಂಗವನ್ನು ಮೊದಲ ಸಲ ಒಳಗೆ ಕರೆದದ್ದು ಹೇಗೆ, ನಮ್ಮ ಮಂಗಗಳ ಗುರುತಿನ ಚಿಪ್ ಓದುವ ರೀಡರ್ ಎಲ್ಲಿ ಕೂರಿಸಿದೆವು ಎಂಬುದನ್ನು ಈಗಲೇ ಹೇಳುವುದಿಲ್ಲ. ಪೇಪರ್ ಬರಲಿ.

ಒಂದು ತೊಡಕು ಇನ್ನೂ ಬಗೆಹರಿದಿಲ್ಲ. ತಾಯಿಯ ಹೊಟ್ಟೆಗೆ ಅಂಟಿದ ಮರಿ ನಡುವೆ ಕೈಚಾಚಿ ಸ್ಕ್ರೀನ್ ಮುಟ್ಟುತ್ತದೆ. ಮರಿಗೆ ಚಿಪ್ ಇಲ್ಲ, ಹಾಗಾಗಿ ಆ ಟ್ರಯಲ್ ತಾಯಿಯ ಲೆಕ್ಕಕ್ಕೆ ಸೇರುತ್ತದೆ. ಸದ್ಯಕ್ಕೆ ವಿಡಿಯೋ ನೋಡಿ ಒಂದೊಂದಾಗಿ ತೆಗೆಯುತ್ತಿದ್ದೇವೆ. ಮರಿ ಹಾಕುವ ಕಾಲದಲ್ಲಿ ಇದಕ್ಕೇ ಒಬ್ಬರು ಬೇಕಾಗುತ್ತಾರೆ.