ನೇಪಾಳದ ಶಾಂತಿ ಸಮಿತಿಗಳ ಠರಾವು ಪುಸ್ತಕ ಓದಿದ್ದು

ಬೆಳಗಾವಿಯ ಗೆಳತಿಯರು ಕೇಳುವುದುಂಟು: "ಶಾಂತಿ ಮಾತುಕತೆಗೆ ಹೊರದೇಶದವರು ಕೊಟ್ಟ ರೊಕ್ಕ ಕೆಲಸಕ್ಕ ಬಂತೋ ಇಲ್ಲೋ ಅಂತ ಹೆಂಗ ಅಳೀತೀರಿ ಅಕ್ಕಾ?"

ನಾನು ಈ ವಿದ್ಯೆ ಕಲಿತದ್ದು ಬೈಲಹೊಂಗಲ ಕಡೆ. ಮಹಿಳಾ ಸಂಘಗಳಿಗೆ ಹೋದರೆ ಪಾಸ್‌ಬುಕ್ಕಿಗಿಂತ ಮೊದಲು ಠರಾವು ಪುಸ್ತಕ ತೆರೆಯುತ್ತಿದ್ದೆ. ಯಾರು ಮಾತು ಎತ್ತಿದರು, ಮುಂದಿನ ಸಭೆಯಲ್ಲಿ ಅದು ಏನಾಯಿತು, ಎಲ್ಲ ಅಲ್ಲಿರುತ್ತದೆ. ಹೊರದೇಶದವರ ಹಣ ಕೆಲಸಕ್ಕೆ ಬಂತೋ ಇಲ್ಲವೋ ಅಂತ ನೋಡಲು ನೇಪಾಳಕ್ಕೆ ಹೋದಾಗಲೂ ಅದನ್ನೇ ಮಾಡಿದೆ.

ಅಲ್ಲಿ 1996ರಿಂದ ಮಾವೋವಾದಿಗಳಿಗೂ ಸರ್ಕಾರಕ್ಕೂ ಯುದ್ಧ ನಡೆದು, 2006ರ ನವೆಂಬರಿನಲ್ಲಿ ಒಪ್ಪಂದವಾಯಿತು. ಮರುವರ್ಷ ಸರ್ಕಾರ ಮತ್ತು ಹೊರದೇಶಗಳು ಸೇರಿ ಹಣ ಹಾಕುವ ಶಾಂತಿ ನಿಧಿ ಶುರುವಾಯಿತು. ಜಿಲ್ಲೆಗಳಲ್ಲಿ ಸ್ಥಳೀಯ ಶಾಂತಿ ಸಮಿತಿಗಳು ಬಂದವು. ಪಕ್ಷದವರು, ಊರಿನ ಸಂಘಸಂಸ್ಥೆಯವರು, ಯುದ್ಧದಲ್ಲಿ ನೊಂದವರು ಒಟ್ಟಿಗೆ ಕೂರಬೇಕಿತ್ತು. ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿರಬೇಕು ಅಂತ ನಿಯಮವಿತ್ತು.

ನನಗೆ ಕೊಟ್ಟ ಕಾಗದದಲ್ಲಿ ಆ ಪಾಲು ತುಂಬಿತ್ತು. ಹಾಜರಿ, ಫೋಟೊ, ಚಹಾದ ಬಿಲ್ಲು ಎಲ್ಲ ಪಕ್ಕಾ. ನಾನು ದುಭಾಷಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ನಡಾವಳಿಯನ್ನು ಸಾಲುಸಾಲಾಗಿ ಓದಿಸಿದೆ. ಮಾತು ಎತ್ತಿದವರು ಗಂಡಸರೋ ಹೆಂಗಸರೋ, ಯಾವ ಪಕ್ಷ, ಠರಾವಾಯಿತೋ ಇಲ್ಲವೋ ಅಂತ ಕಾಲಂ ಹಾಕಿಕೊಂಡೆ. ಒಂದು ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರು ಸಿಕ್ಕಿದ್ದು ಸಹಿಯ ಜಾಗದಲ್ಲಿ ಮಾತ್ರ. ಅದರಲ್ಲೂ ಕೆಲವು ಸಹಿ ಒಂದೇ ಕೈಯವು. ನಮ್ಮ ಗ್ರಾಮಸಭೆಗಳಲ್ಲೂ ಇದು ಹೊಸದಲ್ಲ, ಅಲ್ವಾ?

ನಡಾವಳಿಯಲ್ಲಿ ಇಲ್ಲದ್ದು ಊರಲ್ಲೂ ಇಲ್ಲ ಅಂತ ಬರೆದುಬಿಡುವವರಿದ್ದಾರೆ. ಅದು ಸೋಮಾರಿತನ. ಸತ್ತವರ, ಕಾಣೆಯಾದವರ ಮನೆಯವರಿಗೆ ಸರ್ಕಾರ ತಾತ್ಕಾಲಿಕ ಪರಿಹಾರ ಕೊಟ್ಟಿತ್ತು. ಅತ್ಯಾಚಾರಕ್ಕೆ, ಚಿತ್ರಹಿಂಸೆಗೆ ಒಳಗಾದವರನ್ನು ಆ ಪಟ್ಟಿಯಿಂದಲೇ ಬಿಟ್ಟಿತ್ತು. ಅರ್ಜಿಗೇ ಜಾಗ ಇಲ್ಲದ ಮೇಲೆ ಗಂಡಸರ ಎದುರು ಯಾರು ಬಾಯಿ ಬಿಡುತ್ತಾರೆ?

ಹಾಗಾಗಿ ಹೆಣ್ಣುಮಕ್ಕಳ ಜೊತೆ ಬೇರೆ ಕೋಣೆಯಲ್ಲಿ ಕೂತೆ. ದುಭಾಷಿಯೂ ಹೆಂಗಸೇ. "ನಿಮಗೇನಾಯಿತು" ಅಂತ ಕೇಳಲೇ ಇಲ್ಲ. "ಈ ಸಮಿತಿಗೆ ತರಲಾಗದ ಕಷ್ಟ ಯಾವುದು? ತಂದರೆ ಯಾರು ಬೈತಾರೆ?" ಅಷ್ಟೇ. ಹೆಸರು ಬರೆದುಕೊಳ್ಳಲಿಲ್ಲ, ರೆಕಾರ್ಡಿಂಗ್ ಮಾಡಲಿಲ್ಲ. ಮೊದಲು ಸುಮ್ನೆ ಕೂತಿದ್ದವರು ಆಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ಮುಂದುವರಿಸಿದರು.

ಇನ್ನು ಈ ಸಮಿತಿಗಳು ನಡೆದದ್ದರಲ್ಲಿ ಹಣದ ಪಾಲೆಷ್ಟು ಅನ್ನುವುದು. ಅನುದಾನ ತಡವಾದ ತಿಂಗಳುಗಳಲ್ಲಿ ಸಭೆ ಸೇರಿದೆಯಾ ಅಂತ ತಾರೀಖು ನೋಡಿದೆ. ಭತ್ಯೆ ಇಲ್ಲದಾಗಲೂ ಸೇರಿದ ಸಮಿತಿಯನ್ನು ಊರು ತನ್ನದು ಮಾಡಿಕೊಂಡಿದೆ ಅಂತ ಲೆಕ್ಕ. ಭತ್ಯೆಯ ಹಿಂದೆಯೇ ಸೇರಿದ್ದರೆ ಹಾಗೇ ಬರೆದೆ.

ಹಣ ಕೊಟ್ಟವರಿಗೆ ಇದು ಅಷ್ಟು ಹಿಡಿಸಲಿಲ್ಲ. "ಮಹಿಳೆಯರ ಸಂಖ್ಯೆಯ ಗುರಿ ಮುಟ್ಟಿದೆಯಲ್ಲ" ಅಂದರು. ಆ ಸಾಲನ್ನು ವರದಿಯಲ್ಲಿ ಹಾಗೇ ಇಟ್ಟೆ. ಅದರ ಕೆಳಗೇ ನನ್ನ ಕಾಲಂಗಳನ್ನೂ ಸೇರಿಸಿ ಕಳಿಸಿದೆ.